ಕಾರ್ಡ್ ತೋರಿಸಿ, ಆಮೇಲೆ ಹೆರಿ

ಗರ್ಭಿಣಿಯರ ಗಮನಕ್ಕೆ. ನೋವು ಶುರುವಾದಾಗ ಗಂಡನನ್ನೋ ಅವ್ವನನ್ನೋ ದೇವರನ್ನೋ ಕೂಗಿ ಪ್ರಯೋಜನವಿಲ್ಲ. ಅಡ್ಮಿಷನ್ ಮಾಡಿಕೊಳ್ಳುವ ಅಧಿಕಾರ ಅವರಲ್ಲಿ ಯಾರಿಗೂ ಇಲ್ಲ. ಮೊದಲು, ಬಸುರಿಯೆಂದು ಹೆಸರು ಬರೆಸಿದಾಗ ಆರೋಗ್ಯ ಇಲಾಖೆ ಕೊಟ್ಟ ತಾಯಿ ಕಾರ್ಡ್ ಎಲ್ಲಿದೆ ನೋಡಿ. ಜೊತೆಗೆ ಆಧಾರ್, ಅದರ ಎರಡು ಜೆರಾಕ್ಸ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಸ್ಕ್ಯಾನಿಂಗ್ ರಿಪೋರ್ಟು, ಗಂಡನ ಆಧಾರ್. ಅದರಲ್ಲಿರುವ ಗಂಡನ ಹೆಸರಿನ ಇನಿಷಿಯಲ್ಲು ನಿಮ್ಮ ಕಾರ್ಡಿನಲ್ಲಿರುವ ಗಂಡನ ಇನಿಷಿಯಲ್ಲಿಗೆ ಹೊಂದುತ್ತದೆಯೇ ಎಂದು ನೋವಿನ ನಡುವೆ ಬಿಡುವು ಸಿಕ್ಕಾಗ ತಾಳೆ ಹಾಕಿ. ಇಷ್ಟೂ ಕೈಯಲ್ಲಿದ್ದರೆ ನೀವು ಗರ್ಭಿಣಿ. ಇಲ್ಲದಿದ್ದರೆ ಹೊಟ್ಟೆ ಎಷ್ಟೇ ಮುಂದೆ ಬಂದಿರಲಿ, ಕಡತದ ಪ್ರಕಾರ ನಿಮಗೆ ಆಗಿರುವುದು ಅಜೀರ್ಣ.

ಈ ವ್ಯವಸ್ಥೆಗೆ ಇನ್ನೂ ಒಗ್ಗಿಕೊಳ್ಳದೆ ಉಳಿದಿರುವುದು ಹೊಟ್ಟೆಯೊಳಗಿನ ಕೂಸು ಮಾತ್ರ. ಜೆರಾಕ್ಸ್ ಅಂಗಡಿ ಬಾಗಿಲು ತೆರೆಯಲಿ ಎಂದು ಕಾಯುವ ಶಿಸ್ತು ಅದಕ್ಕಿಲ್ಲ. ರಾತ್ರಿ ಎರಡು ಗಂಟೆಗೆ, ಎರಡನೇ ಶನಿವಾರ, ಡ್ಯೂಟಿ ಡಾಕ್ಟರ್ ಊಟಕ್ಕೆ ಹೋದ ಹೊತ್ತಿಗೇ ಬರುತ್ತದೆ.

ಇದು ತಮಾಷೆ ಅನ್ನಿಸಿದರೆ ತುಮಕೂರಿನವರನ್ನು ಕೇಳಿ. 2022ರ ನವೆಂಬರ್ ಮೊದಲ ವಾರದಲ್ಲಿ, ಅವಳಿ ಮಕ್ಕಳನ್ನು ಹೊತ್ತಿದ್ದ ತಮಿಳು ಮೂಲದ ಬಡ ಹೆಂಗಸೊಬ್ಬಳು ನೋವು ತಿನ್ನುತ್ತ ಅಲ್ಲಿನ ಜಿಲ್ಲಾಸ್ಪತ್ರೆಗೆ ಬಂದಳು. ಅಕ್ಕಪಕ್ಕದವರು ದುಡ್ಡು ಕೂಡಿಸಿ ಆಟೊ ಹತ್ತಿಸಿದ್ದರು. ಅವಳ ಬಳಿ ತಾಯಿ ಕಾರ್ಡ್ ಇರಲಿಲ್ಲ, ಆಧಾರ್ ಇರಲಿಲ್ಲ. ಒಳಗೆ ಸೇರಿಸಿಕೊಳ್ಳಲಿಲ್ಲ, ಬೆಂಗಳೂರಿಗೆ ಹೋಗು ಅಂದರು. ತುಮಕೂರಿನಿಂದ ಬೆಂಗಳೂರು 70 ಕಿಲೊಮೀಟರ್. ಜಿಲ್ಲಾಸ್ಪತ್ರೆಯ ತನಕ ಬರಲಿಕ್ಕೇ ಚಂದಾ ಎತ್ತಿದವಳು ಅಲ್ಲಿಗೆ ಹೇಗೆ ಹೋಗುತ್ತಾಳೆ ಎನ್ನುವ ಪ್ರಶ್ನೆಗೆ ಅರ್ಜಿ ನಮೂನೆಯಲ್ಲಿ ಜಾಗವಿಲ್ಲ. ಮನೆಗೆ ವಾಪಸಾದಳು. ಮರುದಿನ ಬೆಳಗ್ಗೆ ಮನೆಯಲ್ಲೇ ಹೆತ್ತು, ರಕ್ತ ಹರಿದು ಸತ್ತಳು. ಎರಡೂ ಮಕ್ಕಳೂ ಉಳಿಯಲಿಲ್ಲ. ಆಮೇಲೆ ಮಂತ್ರಿಗಳು ಬಂದರು, ವೈದ್ಯರೂ ದಾದಿಯರೂ ಅಮಾನತಾದರು, ತುರ್ತು ಹೊತ್ತಿನಲ್ಲಿ ಕಾರ್ಡ್ ಕೇಳಕೂಡದು ಎಂಬ ಸ್ಪಷ್ಟನೆಯೂ ಹೊರಬಿತ್ತು. ಬದುಕಿದ್ದಾಗ ಒಂದು ಕಾಗದವೂ ಇಲ್ಲದಿದ್ದ ಆ ಹೆಂಗಸಿನ ಹೆಸರಿನಲ್ಲಿ ಈಗ ನೋಟಿಸು, ವರದಿ, ಆದೇಶ ಎಂದು ದಪ್ಪನೆಯ ಫೈಲೇ ಇದೆ.

ಇದೇ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದವರು ಸೂಲಗಿತ್ತಿ ನರಸಮ್ಮ. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ, ಒಂದಕ್ಕೂ ಕಾಸು ಮುಟ್ಟದ ಆ ಅಜ್ಜಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟೆವು. ಅದೇ ವರ್ಷದ ಡಿಸೆಂಬರಿನಲ್ಲಿ ಆಕೆ ತೀರಿಕೊಂಡರು. ನಡುರಾತ್ರಿ ಬಾಗಿಲು ಬಡಿದವರನ್ನು ನರಸಮ್ಮ ಏನೇನು ಕೇಳುತ್ತಿದ್ದರೋ ನನಗೆ ತಿಳಿಯದು, ಗಂಡನ ಇನಿಷಿಯಲ್ಲನ್ನಂತೂ ಕೇಳಿರಲಾರರು.

ಹಾಗೆಂದು ಸೂಲಗಿತ್ತಿಯರ ಕಾಲವೇ ಚಿನ್ನದ ಕಾಲ ಎಂದು ಹಾಡುವವರ ಮೇಳಕ್ಕೆ ಸೇರಿದವಳು ನಾನಲ್ಲ. ಹೆರಿಗೆ ಕೋಣೆಗೆ ಹೋದವಳು ತಿರುಗಿ ಬರುತ್ತಾಳೋ ಇಲ್ಲವೋ ಎಂದು ಮನೆಮಂದಿಯೆಲ್ಲ ಹಜಾರದಲ್ಲಿ ಕೂತು ಹರಕೆ ಹೊರುತ್ತಿದ್ದ ಕಾಲ ಅದು. ಈಗ ಹಾಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ನೂರರಲ್ಲಿ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ದೊಡ್ಡ ಸಾಧನೆ, ಕೊಂಕಿಲ್ಲದೆ ಹೇಳುತ್ತಿದ್ದೇನೆ. ಬಸುರಿಯನ್ನು ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸುವುದರಲ್ಲಿ ನಾವು ಗೆದ್ದಿದ್ದೇವೆ. ಬಾಗಿಲ ಆಚೆ ಅವಳಿಗೆ ಏನಾಗಬೇಕು ಎನ್ನುವುದನ್ನು ಮುಂದಿನ ಬಜೆಟ್ಟಿಗೆ ಇಟ್ಟುಕೊಂಡಿದ್ದೇವೆ.

ಯೋಜನೆಗಳಿಗೇನು ಬರ? ಮಡಿಲು, ತಾಯಿ ಭಾಗ್ಯ, ಪ್ರಸೂತಿ ಆರೈಕೆ, ಮಾತೃಪೂರ್ಣ, ಮಾತೃಶ್ರೀ, ಜನನಿ ಸುರಕ್ಷಾ, ಜನನಿ ಶಿಶು ಸುರಕ್ಷಾ, ಮಾತೃವಂದನಾ, ಸುರಕ್ಷಿತ ಮಾತೃತ್ವ ಅಭಿಯಾನ, ಲಕ್ಷ್ಯ, ನಗು-ಮಗು. ಇಷ್ಟನ್ನೂ ಹೇಳಿ ಮುಗಿಸುವಷ್ಟರಲ್ಲಿ ಚೊಚ್ಚಲ ಬಸುರಿಗೂ ಹೆರಿಗೆಯಾಗಿರುತ್ತದೆ. ಇವುಗಳಲ್ಲಿ ಯಾವುದು ಬದುಕಿದೆ, ಯಾವುದು ತೀರಿಕೊಂಡಿದೆ, ಯಾವುದು ಇನ್ನೊಂದರೊಳಗೆ ಸೇರಿಹೋಗಿದೆ ಎಂದು ತಿಳಿಯಲು ಬೇರೆಯೇ ಒಂದು ತಾಯಿ ಕಾರ್ಡ್ ಬೇಕು. ಹಣದ ಲೆಕ್ಕ ಇನ್ನೂ ಸ್ವಾರಸ್ಯ. 2013ರ ಆಹಾರ ಭದ್ರತಾ ಕಾಯ್ದೆ ಗರ್ಭಿಣಿಗೆ 6,000 ರೂಪಾಯಿಗೆ ಕಡಿಮೆಯಿಲ್ಲದಂತೆ ನೆರವು ಕೊಡಬೇಕು ಎಂದು ಬರೆಯಿತು. 2017ರಲ್ಲಿ ಮಾತೃವಂದನಾ ಬರುವ ಹೊತ್ತಿಗೆ ಅದು 5,000 ಆಯಿತು, ಅದೂ ಮೊದಲ ಮಗುವಿಗೆ ಮಾತ್ರ, ಅದೂ ಕಂತುಗಳಲ್ಲಿ. ಆಮೇಲೆ ತಿದ್ದುಪಡಿಯಾಗಿ, ಎರಡನೆಯದು ಹೆಣ್ಣಾದರೆ 6,000 ಎಂದಾಯಿತು. ಎರಡನೇ ಸಲ ಗಂಡು ಹೆತ್ತವಳಿಗೆ ಹಸಿವಾಗುವುದಿಲ್ಲ ಎಂದು ದೆಹಲಿಯಲ್ಲಿ ಯಾರೋ ಕಂಡುಹಿಡಿದಿರಬೇಕು. ನಮ್ಮ ಬೆಂಗಳೂರೇನೂ ಹಿಂದೆ ಬೀಳಲಿಲ್ಲ. 2017ರ ಗಾಂಧಿ ಜಯಂತಿಯಂದು ಮಾತೃಪೂರ್ಣ ಬಂತು: ಬಸುರಿ ಬಾಣಂತಿಯರಿಗೆ ಬಿಸಿಯೂಟ, ಉಣ್ಣಲು ಅಂಗನವಾಡಿಗೇ ಬರಬೇಕು. ಮಲೆನಾಡಿನ ಒಂಟಿಮನೆಯವಳು ಗುಡ್ಡ ಇಳಿದು, ಸಂಕ ದಾಟಿ, ಉಂಡು, ಮತ್ತೆ ಗುಡ್ಡ ಹತ್ತಿ ಮನೆ ಸೇರುವ ಹೊತ್ತಿಗೆ ಉಂಡದ್ದೆಲ್ಲ ದಾರಿಗೇ ಸರಿಹೋಗುತ್ತಿತ್ತು. ಯೋಜನೆಯ ಉದ್ದೇಶ ಪೋಷಣೆಯೋ ವ್ಯಾಯಾಮವೋ ಎಂದು ಅಲ್ಲಿನವರು ಕೇಳಿದ್ದು ಸುಮ್ಮನೆ ಅಲ್ಲ.

ಇರಲಿ, ಹೆರಿಗೆ ವಾರ್ಡಿನ ಒಳಗೆ ಹೋಗೋಣ. ಬಿಡುವುದಿಲ್ಲ ಎನ್ನುವುದು ಬೇರೆ ಮಾತು.

ಬಾಗಿಲಲ್ಲಿ ಸೆಕ್ಯೂರಿಟಿಯವನಿರುತ್ತಾನೆ. "ಯಾರ ಕಡೆಯವರಮ್ಮಾ?" "ನನ್ನ ಮಗಳು ಒಳಗವ್ಳೆ ಕಣಪ್ಪಾ, ಒಂಚೂರು ನೋಡಿ ಬತ್ತೀನಿ." "ಮಗಳಾದ್ರೆ ಒಳಗಿರ್ತಾಳೆ, ನೀವು ಹೊರಗಿರಿ." ಇದರಲ್ಲಿ ತರ್ಕದ ದೋಷವೇನೂ ಇಲ್ಲ. ಆದರೆ 2016ರಲ್ಲೇ ಕೇಂದ್ರ ಆರೋಗ್ಯ ಇಲಾಖೆ ಒಂದು ಸುತ್ತೋಲೆ ಕಳಿಸಿದೆ: ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯ ಹೊತ್ತಿಗೆ ಹೆಂಗಸಿನ ಜೊತೆ ಅವಳ ಕಡೆಯವರೊಬ್ಬರು ಇರಬಹುದು. ಹೆಣ್ಣಾಗಿರಬೇಕು, ತಾನೂ ಒಮ್ಮೆ ಹೆತ್ತವಳಾದರೆ ಇನ್ನೂ ಒಳ್ಳೆಯದು, ಅಂಟುರೋಗ ಇರಬಾರದು, ಒಗೆದ ಬಟ್ಟೆ ಉಟ್ಟಿರಬೇಕು, ಡಾಕ್ಟರ ಕೆಲಸದಲ್ಲಿ ಕೈಹಾಕಬಾರದು. ಮರೆಗೆ ಏರ್ಪಾಡು ಇರುವ ಕಡೆ ಗಂಡನೂ ಬರಬಹುದು. ಈ ಸುತ್ತೋಲೆ ದೆಹಲಿಯಿಂದ ಹೊರಟು ಬೆಂಗಳೂರು ಮುಟ್ಟಿ, ಜಿಲ್ಲಾ ಕೇಂದ್ರಗಳನ್ನೆಲ್ಲ ಸುತ್ತಿರಬೇಕು. ಬಾಗಿಲಲ್ಲಿ ನಿಂತವನ ಕಿವಿಗೆ ಮಾತ್ರ ಬಿದ್ದಿಲ್ಲ.

ಒಳಗೆ ಸಾಲಾಗಿ ಟೇಬಲ್ಲುಗಳು. ನಡುವೆ ಪರದೆ ಇರಬೇಕಿತ್ತು, ಒಗೆಯಲು ಹೋಗಿದೆ, ಹೋದ ವರ್ಷ. ರೆಕ್ಸಿನ್ ಹರಿದು ಒಳಗಿನ ಸ್ಪಂಜು ಇಣುಕುತ್ತಿದೆ. ನಮ್ಮ ಹುಡುಗಿ ಅಂಗಾತ ಮಲಗಿ ಎರಡೂ ಕಾಲು ಮೇಲೆತ್ತಿದ್ದಾಳೆ. ಭೂಮಿಯ ಸೆಳೆತವೂ ಹೆರಿಗೆಗೆ ಒಂದಿಷ್ಟು ಕೈಜೋಡಿಸುತ್ತದೆ. ಎದ್ದು ಓಡಾಡಲಿ, ಕೂರಲಿ, ಅವಳಿಗೆ ಹಿತವಾದ ಹಾಗೆ ಇರಲಿ, ನೀರು ಕುಡಿಯಲಿ, ಸುಮ್ಮಸುಮ್ಮನೆ ಎಲ್ಲರಿಗೂ ಕತ್ತರಿ ಹಾಕಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಬರೆದು ಹೇಳಿದೆ. ಜಿನೀವಾದಲ್ಲಿ ಕೂತವರಿಗೆ ಏನು ಗೊತ್ತು? ಹೆಂಗಸು ಓಡಾಡಿದರೆ ನೆಲ ಗಲೀಜಾಗುತ್ತದೆ, ಕೂತರೆ ಡಾಕ್ಟರ್ ಬಗ್ಗಬೇಕಾಗುತ್ತದೆ. ಹೆರುವವಳಿಗೆ ಕಷ್ಟವಾದರೂ ಹೆರಿಸುವವರ ಸೊಂಟ ಹಿಡಿಯಬಾರದು ಎನ್ನುವುದು ನಮ್ಮ ಪದ್ಧತಿ.

"ಮುಕ್ಕಮ್ಮಾ, ಮುಕ್ಕು!" ಎಂದು ಒಂದು ದನಿ. ಹುಡುಗಿ ಕಿರುಚುತ್ತಾಳೆ. ಆಗ ಬರುತ್ತದೆ ಆ ಮಾತು: "ಮಾಡ್ಕೊಳ್ಳೋವಾಗ ಚೆನ್ನಾಗಿತ್ತಾ? ಈಗ್ಯಾಕೆ ಬಾಯಿ ಬಡ್ಕೊಳ್ತೀಯಾ?" ಬೀದರಿನಿಂದ ಚಾಮರಾಜನಗರದವರೆಗೆ ಭಾಷೆಯ ಧಾಟಿ ಊರೂರಿಗೆ ಬದಲಾಗುತ್ತದೆ, ಈ ವಾಕ್ಯದ ಅರ್ಥ ಬದಲಾಗುವುದಿಲ್ಲ. ಕರ್ನಾಟಕದ ಏಕೀಕರಣ ಸಂಪೂರ್ಣವಾಗಿರುವುದು ಹೆರಿಗೆ ವಾರ್ಡುಗಳಲ್ಲಿ. ಯಾವ ನರ್ಸಿಂಗ್ ಪುಸ್ತಕದಲ್ಲೂ ಇಲ್ಲದ ಈ ಪಾಠವನ್ನು ಎಲ್ಲರೂ ಬಾಯಿಪಾಠ ಮಾಡಿದ್ದು ಹೇಗೋ! ಒಂದು ಗಮನಿಸಿ: ಹೊರಗೆ ಬೇವಿನಮರದ ಕೆಳಗೆ ಬೀಡಿ ಸೇದುತ್ತಿರುವ ಗಂಡನಿಗೆ ಈ ಪ್ರಶ್ನೆಯನ್ನು ಇದುವರೆಗೆ ಯಾರೂ ಹಾಕಿಲ್ಲ.

ನರ್ಸಮ್ಮನನ್ನು ಬೈಯುವುದು ಸುಲಭ. ನಾಲ್ಕು ಟೇಬಲ್ಲಿಗೆ ಒಬ್ಬಳೇ, ನೌಕರಿ ಗುತ್ತಿಗೆಯದು, ಸಂಬಳ ಯಾವಾಗ ಬರುತ್ತದೋ ಗೊತ್ತಿಲ್ಲ, ಬದಲಿಯವಳು ಬಾರದೆ ರಾತ್ರಿ ಪಾಳಿಯ ಮೇಲೆ ಬೆಳಗಿನ ಪಾಳಿ ಬಿದ್ದಿದೆ. ಮೇಲಿನವರು ಆಕೆಯ ಮೇಲೆ ಹರಿಹಾಯುತ್ತಾರೆ, ಆಕೆ ಆಯಾ ಮೇಲೆ. ಆಯಾಗೂ ಒಬ್ಬರು ಬೇಕಲ್ಲ. ಕಾಲೆತ್ತಿ ಮಲಗಿದವಳಿಗಿಂತ ಕೆಳಗೆ ಆ ಕಟ್ಟಡದಲ್ಲಿ ಯಾರೂ ಇಲ್ಲ.

ಹೆರಿಗೆಯಾಯಿತು. ಮಗು ಗಂಡೋ ಹೆಣ್ಣೋ ಎಂದು ಹುಟ್ಟುವ ಮುಂಚೆ ಹೇಳುವುದು 1994ರ ಕಾಯ್ದೆಯಂತೆ ಅಪರಾಧ. ಹುಟ್ಟಿದ ಮೇಲೆ ಹೇಳುವುದಕ್ಕೆ ದರಪಟ್ಟಿ ಇದೆ. ಗಂಡಾದರೆ ಇಷ್ಟು, ಹೆಣ್ಣಾದರೆ ಅದರ ಅರ್ಧ. ಹೆಣ್ಣಿನ ಮೇಲೆ ಹೆಣ್ಣಾದರೆ ಆಯಾನೇ ನಿಟ್ಟುಸಿರು ಬಿಟ್ಟು, "ಹೋಗ್ಲಿ ಬಿಡಕ್ಕ, ಟೀಗೆ ಏನಾದ್ರೂ ಕೊಡು" ಎಂದು ರಿಯಾಯಿತಿ ತೋರಿಸುತ್ತಾಳೆ. ಹೆಣ್ಣು ಹುಟ್ಟಿದ್ದರಿಂದ ಮನೆಯವರಿಗೆ ದುಡ್ಡು ಉಳಿಯುವ ಏಕೈಕ ಜಾಗ ಇಡೀ ದೇಶದಲ್ಲಿ ಇದೇ ಇರಬೇಕು.

ಇದು ಎಲ್ಲ ಸುಸೂತ್ರವಾಗಿ ಮುಗಿದ ಹೆರಿಗೆಯ ಕಥೆ. ತೊಡಕಾದರೆ 'ರೆಫರ್' ಇದೆ. ಪಿಎಚ್‌ಸಿಯಲ್ಲಿ ಡಾಕ್ಟರ್ ಇಲ್ಲ, ತಾಲ್ಲೂಕಿಗೆ ಹೋಗಿ. ತಾಲ್ಲೂಕಿನಲ್ಲಿ ಹೆರಿಗೆ ಡಾಕ್ಟರ್ ಇದ್ದಾರೆ, ಅರಿವಳಿಕೆ ಡಾಕ್ಟರ್ ಇಲ್ಲ. ಅವರು ಇದ್ದ ದಿನ ರಕ್ತ ಇಲ್ಲ. ರಕ್ತವೂ ಅರಿವಳಿಕೆಯವರೂ ಇದ್ದ ದಿನ ಹೆರಿಗೆ ಡಾಕ್ಟರಿಗೆ ಜಿಲ್ಲಾ ಕೇಂದ್ರದಲ್ಲಿ ಮೀಟಿಂಗು. ಮೀಟಿಂಗಿನ ವಿಷಯ, ತಾಯಂದಿರ ಮರಣ ಪ್ರಮಾಣ ಇಳಿಸುವುದು ಹೇಗೆ. ಜಿಲ್ಲೆಗೆ ಹೋದರೆ ಬೆಡ್ ಇಲ್ಲ, ಬೆಂಗಳೂರಿಗೆ ಹೋಗಿ. ಒಂದೊಂದು ಕಡೆಯೂ ಒಂದೊಂದು ಚೀಟಿ, ಒಂದೊಂದು ಸಹಿ, ಒಂದೊಂದು ಹೊಸ ಫೈಲು. ಆ ಹುಡುಗಿ ಎಲ್ಲಿ ಸತ್ತರೂ ನಮ್ಮಲ್ಲಿ ಸಾಯದಿರಲಿ ಎನ್ನುವುದೇ ರೆಫರ್ ಚೀಟಿಯ ಒಳ ಒಕ್ಕಣೆ. 2008ರಿಂದ 108 ಆಂಬುಲೆನ್ಸ್ ಓಡುತ್ತಿದೆ. ಅದರೊಳಗೇ ಹುಟ್ಟಿದ ಮಕ್ಕಳು ಒಂದು ಸಂಘ ಕಟ್ಟಿಕೊಂಡು ಜನ್ಮಸ್ಥಳ ಕಾಲಂನಲ್ಲಿ ಯಾವ ಮೈಲಿಗಲ್ಲು ಬರೆಯಬೇಕು ಎಂದು ಸರ್ಕಾರವನ್ನು ಕೇಳಬಹುದು.

ಈ ದಾರಿಯುದ್ದಕ್ಕೂ ಬಸುರಿಯ ಕೈಹಿಡಿದು ಬರುವವಳು ಆಶಾ ಕಾರ್ಯಕರ್ತೆ. ರಾಜ್ಯದಲ್ಲಿರುವ ಅಂಥ 40,000ಕ್ಕೂ ಹೆಚ್ಚು ಹೆಂಗಸರಲ್ಲಿ ಬಹಳ ಮಂದಿ ತಿಂಗಳಿಗೆ 15,000 ಕೊಡಿ ಎಂದು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನ ಚಳಿಯಲ್ಲಿ ಮಲಗಬೇಕಾಯಿತು. 10,000 ಎಂಬ ಭರವಸೆ ಸಿಕ್ಕಿತು.

ಅಂಕಿ ಬೇಕೆನ್ನುವವರಿಗೆ ಅಂಕಿ. 2018–20ರ ಎಸ್‌ಆರ್‌ಎಸ್ ಎಂಬ ಸರ್ಕಾರಿ ಮಾದರಿ ನೋಂದಣಿಯ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಸತ್ತ ತಾಯಂದಿರು ಕೇರಳದಲ್ಲಿ 19, ತೆಲಂಗಾಣದಲ್ಲಿ 43, ಆಂಧ್ರದಲ್ಲಿ 45, ತಮಿಳುನಾಡಿನಲ್ಲಿ 54, ನಮ್ಮಲ್ಲಿ 69. ದೇಶದ ಸರಾಸರಿ 97. ಹಾಗಾಗಿ ಈ ವಿಷಯಕ್ಕೆ ಮಾತ್ರ ನಮ್ಮ ಭಾಷಣಗಳಲ್ಲಿ ಕರ್ನಾಟಕ ದಕ್ಷಿಣ ಭಾರತದಿಂದ ಎದ್ದು ಹೋಗಿ ಇಡೀ ಭಾರತದ ಪಕ್ಕದಲ್ಲಿ ಕೂತುಕೊಳ್ಳುತ್ತದೆ. ಐಟಿಗೆ ಬಂದಾಗ ಸಿಂಗಪುರದ ಪಕ್ಕ.

ಸರ್ಕಾರಿ ಆಸ್ಪತ್ರೆಯ ಸಹವಾಸವೇ ಬೇಡ, ನಮ್ಮ ಹತ್ತಿರ ಇನ್ಶೂರೆನ್ಸ್ ಇದೆ ಎನ್ನುವವರು ಈ ಕಡೆ ಬನ್ನಿ. ಇಲ್ಲಿ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಗೋಡೆಯ ಮೇಲೆ ನಗುವ ಮಗು, ಅದರ ಕಣ್ಣು ನೀಲಿ. ಪ್ಯಾಕೇಜುಗಳು ಮೂರು ಬಗೆ: ಸಿಲ್ವರ್, ಗೋಲ್ಡ್, ಪ್ಲಾಟಿನಮ್. ಪ್ಲಾಟಿನಮ್‌ನಲ್ಲಿ ಕೋಣೆಗೆ ಸೋಫಾ, ಗಂಡನಿಗೆ ಮೂರು ಹೊತ್ತಿನ ಊಟ, ಮಗುವಿನ ಅಂಗಾಲಿನ ಅಚ್ಚು, ಫೋಟೊಶೂಟ್, ಹೊರಡುವ ದಿನ ಕೇಕು. "ನಾರ್ಮಲ್ ಆಗೋ ಚಾನ್ಸ್ ಎಷ್ಟು ಮೇಡಂ?" ಎಂದು ಕೇಳಿ ನೋಡಿ. ಸೋಫಾದ ಬಣ್ಣ ಸಹಿತ ಎಲ್ಲವನ್ನೂ ಪಟಪಟ ಹೇಳಿದ ಕೌಂಟರಿನ ಹುಡುಗಿ ಒಮ್ಮೆಗೇ ವೇದಾಂತಿಯಾಗುತ್ತಾಳೆ: "ಅದೆಲ್ಲಾ ನಮ್ಮ ಕೈಲಿಲ್ಲ ಸರ್."

ಯಾರ ಕೈಯಲ್ಲಿದೆ ಎನ್ನುವುದು ಮೂವತ್ತೇಳನೇ ವಾರ ದಾಟಿದ ಮೇಲೆ ತಿಳಿಯುತ್ತದೆ. ಮೊದಲು "ನೀರು ಸ್ವಲ್ಪ ಕಮ್ಮಿ ಇದೆ." ಮುಂದಿನ ಸಲ "ಕರುಳು ಕೊರಳಿಗೆ ಸುತ್ತಿಕೊಂಡಿದೆ." ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಳ್ಳುವುದು ನಾಲ್ಕೈದು ಮಕ್ಕಳಲ್ಲಿ ಒಂದಕ್ಕೆ ಇದ್ದೇ ಇರುತ್ತದೆ, ಬಹುಪಾಲು ಮಕ್ಕಳು ಅದನ್ನು ಬಿಡಿಸಿಕೊಂಡು ಸುಖವಾಗಿ ಹುಟ್ಟುತ್ತವೆ. ಆದರೆ ಸ್ಕ್ಯಾನಿಂಗ್ ಕೋಣೆಯಲ್ಲಿ ಆ ಮಾತು ಕೇಳಿದ ಅತ್ತೆಯ ಕಣ್ಣಮುಂದೆ ನೇಣಿನ ಹಗ್ಗವೇ ಬರುತ್ತದೆ. ಕೊನೆಯ ಬಾಣ ಲೇಬರ್ ರೂಮಿನಿಂದ: "ಹಾರ್ಟ್‌ಬೀಟ್ ಡ್ರಾಪ್ ಆಗ್ತಿದೆ. ಕಾಯೋದಾದ್ರೆ ಕಾಯೋಣ, ನಿಮ್ಮ ರಿಸ್ಕ್ ಅಂತ ಸೈನ್ ಮಾಡ್ಕೊಡಿ." ಈ ಮಾತು ಕೇಳಿಯೂ ಸಹಿ ಹಾಕಿ ಕಾದ ಗಂಡ ಕರ್ನಾಟಕದಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಸಿಸೇರಿಯನ್ ಆಗಿ ಹುಟ್ಟಿರುತ್ತಾನೆ.

ಹೆಂಗಸು ಏನನ್ನುತ್ತಾಳೆ? ಅವಳನ್ನು ಯಾರೂ ಕೇಳಲಿಲ್ಲ. ಅವಳು ಪೇಷೆಂಟು.

ಆಪರೇಷನ್ನೇ ಪಾಪ ಎನ್ನುವವರ ಜೊತೆಗೂ ನನ್ನದು ಜಗಳವೇ. ಬೇಕಾದ ಹೊತ್ತಿಗೆ ಸಿಸೇರಿಯನ್ ಸಿಕ್ಕಿ ಬದುಕಿದ ತಾಯಿಮಕ್ಕಳು ನಮ್ಮ ಬೀದಿಬೀದಿಯಲ್ಲಿದ್ದಾರೆ. ಆದರೆ ಲೆಕ್ಕ ನೋಡಿ. ನಾಲ್ಕನೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಸಿಸೇರಿಯನ್ ಶೇ 23.6 ಇತ್ತು, 2019–21ರ ಐದನೆಯದರಲ್ಲಿ ಶೇ 31.5. ಖಾಸಗಿ ಆಸ್ಪತ್ರೆಗಳಲ್ಲಿ ಶೇ 52.5, ಸರ್ಕಾರಿಯಲ್ಲಿ ಶೇ 22.6. ಒಂದು ಜನಸಮೂಹದಲ್ಲಿ ಶೇ 10 ದಾಟಿದ ಮೇಲೆ ಸಾವು ಇನ್ನಷ್ಟು ಇಳಿದದ್ದಕ್ಕೆ ಪುರಾವೆ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಗಾದರೆ ಎರಡು ಸಮೀಕ್ಷೆಗಳ ನಡುವಿನ ನಾಲ್ಕೈದು ವರ್ಷದಲ್ಲಿ ಕನ್ನಡತಿಯರ ಸೊಂಟ ಕಿರಿದಾಯಿತೇ? ಆರೋಗ್ಯ ವಿಮೆ ಇರುವವರ ಸೊಂಟ ಇನ್ನಷ್ಟು ಕಿರಿದೇ? ಒಂದು ಸಹಜ ಹೆರಿಗೆಗೆ ಹದಿನಾಲ್ಕು ಗಂಟೆ ಕಾಯಬೇಕು, ಅದರಲ್ಲಿ ಹೆಚ್ಚಿನ ಹೊತ್ತು ಡಾಕ್ಟರ್ ಮಾಡುವುದು ಏನೂ ಇರುವುದಿಲ್ಲ, ಬಿಲ್ಲೂ ಕಮ್ಮಿ. ಆಪರೇಷನ್ ಒಂದು ತಾಸಿನ ಕೆಲಸ, ಬಿಲ್ಲು ಜಾಸ್ತಿ, ನಿದ್ದೆ ಕೆಡುವುದಿಲ್ಲ. ಏನಾದರೂ ಹೆಚ್ಚುಕಮ್ಮಿಯಾದರೆ ಆಸ್ಪತ್ರೆಯ ಗಾಜು ಒಡೆಯಲು ನಮ್ಮ ಸಂಬಂಧಿಕರೂ ತಯಾರಾಗಿಯೇ ಇರುತ್ತಾರೆ, ಆ ಹೆದರಿಕೆಯೂ ಸುಳ್ಳಲ್ಲ. ಇಷ್ಟಾದ ಮೇಲೆ ಕಾಯುತ್ತ ಕೂರಲು ಡಾಕ್ಟರಮ್ಮನೂ ನರಸಮ್ಮನಾಗಬೇಕು. ಅಂದಹಾಗೆ, ಬೇಕಾದಾಗ ಸಿಸೇರಿಯನ್ ಸಿಗದೆ ಸತ್ತವಳೂ, ಬೇಡದಿದ್ದರೂ ಹೊಟ್ಟೆ ಕೊಯ್ಯಿಸಿಕೊಂಡವಳೂ ಎಷ್ಟೋ ಸಲ ಒಂದೇ ತಾಲ್ಲೂಕಿನವರು.

ಇದರಲ್ಲಿ ಜ್ಯೋತಿಷಿಗಳ ಪಾಲನ್ನು ಮರೆತರೆ ಅನ್ಯಾಯ. ಒಳ್ಳೆಯ ನಕ್ಷತ್ರ, ಒಳ್ಳೆಯ ಲಗ್ನ, ರಾಹುಕಾಲ ಕಳೆದು ಹನ್ನೊಂದೂ ಮುಕ್ಕಾಲಿಗೆ ಮಗು ತೆಗೆಯಬೇಕು. 2024ರ ಜನವರಿ 22ರಂದು ಅಯೋಧ್ಯೆಯ ಪ್ರಾಣಪ್ರತಿಷ್ಠೆಯ ದಿನವೇ ಹೆರಿಗೆ ಮಾಡಿಸಿ ಎಂದು ಉತ್ತರದಲ್ಲಿ ಹಲವರು ದುಂಬಾಲು ಬಿದ್ದದ್ದು ಪತ್ರಿಕೆಗಳಲ್ಲೇ ಬಂತು. ಮೊದಲೆಲ್ಲ ಮಗು ಹುಟ್ಟಿದ ಮೇಲೆ ಜಾತಕ ಬರೆಯುತ್ತಿದ್ದರು, ಈಗ ಜಾತಕ ಬರೆದು ಅದಕ್ಕೆ ತಕ್ಕ ಮಗುವನ್ನು ಹುಟ್ಟಿಸುತ್ತೇವೆ. ಇಷ್ಟು ಕಟ್ಟುನಿಟ್ಟಾಗಿ ಮುಹೂರ್ತ ನೋಡಿ ಹುಟ್ಟಿಸಿದ ಮಕ್ಕಳೆಲ್ಲ ಮುಂದೆ ರಾಜಯೋಗದಲ್ಲಿ ಬಾಳಿದರೆ ಆಳುಗಳು ಎಲ್ಲಿಂದ ಬರುತ್ತಾರೋ ಕಾಣೆ.

ಈಗ ನಗೆ ಸ್ವಲ್ಪ ಬದಿಗಿರಲಿ. 2024ರ ನವೆಂಬರ್ 9ರಿಂದ 11ರ ನಡುವೆ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಐವರು ಒಬ್ಬರ ಹಿಂದೊಬ್ಬರು ಸತ್ತರು. ಅನುಮಾನ ಹೋದದ್ದು ಅವರಿಗೆ ಏರಿಸಿದ ರಿಂಗರ್ಸ್ ಲ್ಯಾಕ್ಟೇಟ್ ಡ್ರಿಪ್ಪಿನ ಮೇಲೆ, ಪಶ್ಚಿಮ ಬಂಗಾಳದ ಒಂದು ಕಂಪನಿ ಮಾಡಿ ಕಳಿಸಿದ್ದರ ಮೇಲೆ. ಡ್ರಿಪ್ಪೆಂದರೆ ಉಪ್ಪಿನಂಶ ಬೆರೆಸಿದ ಶುದ್ಧ ನೀರು. ಅದರಲ್ಲಿ ಕೆಡಿಸಲಿಕ್ಕೆ ಇರುವುದು ಶುದ್ಧಿಯೊಂದೇ. ಆ ಕಂಪನಿಯ ಕೆಲವು ಬ್ಯಾಚು ಸರಿಯಿಲ್ಲ ಎಂದು ರಾಜ್ಯದ ಪ್ರಯೋಗಾಲಯ ಮೊದಲೇ ಹೇಳಿತ್ತು. ಸರಿಯಿದೆ ಎಂದು ಕೇಂದ್ರದ ಪ್ರಯೋಗಾಲಯ ಹೇಳಿತ್ತು. ಎರಡು ಸರ್ಕಾರಿ ಪ್ರಯೋಗಾಲಯಗಳ ನಡುವಿನ ಈ ವಾದದಲ್ಲಿ ಮೂರನೆಯ ಪ್ರಯೋಗಾಲಯ ಬಾಣಂತಿಯ ರಕ್ತನಾಳ. ಔಷಧ ನಿಯಂತ್ರಕರು ಅಮಾನತಾದರು. 2025ರ ಜನವರಿಯಲ್ಲಿ ಬಂಗಾಳದ ಮಿಡ್ನಾಪುರದಲ್ಲೂ ಒಬ್ಬ ತಾಯಿ ಸತ್ತಳು, ಅಲ್ಲೂ ಬೊಟ್ಟು ತೋರಿಸಿದ್ದು ಅದೇ ಕಂಪನಿಯ ಡ್ರಿಪ್ಪಿನ ಕಡೆಗೆ. ನಮ್ಮ ಸರ್ಕಾರ 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ ತಾಯಂದಿರ ಸಾವುಗಳನ್ನೆಲ್ಲ ಪರಿಶೀಲಿಸಿತು. ಒಟ್ಟು 464. ಅದರಲ್ಲಿ ಶೇ 70ಕ್ಕೂ ಹೆಚ್ಚನ್ನು ತಪ್ಪಿಸಬಹುದಿತ್ತು ಎಂದು ವರದಿ ಬಂತು. ಇಷ್ಟು ಪ್ರಾಮಾಣಿಕ ವರದಿ ಸರ್ಕಾರದಿಂದ ಬಂದದ್ದೇ ಅಪರೂಪ, ಅದಕ್ಕೆ ಶಹಬ್ಬಾಸ್. ತಪ್ಪಿಸಬಹುದಿತ್ತು ಎನ್ನುವ ಕ್ರಿಯಾಪದಕ್ಕೆ ಕರ್ತೃ ಯಾರು ಎಂದು ಮಾತ್ರ ಇನ್ನೂ ಯಾರೂ ಬರೆದಿಲ್ಲ.

ಹೆತ್ತ ತಾಯಂದಿರು ಸಾಯಲು ದೊಡ್ಡ ಕಾರಣಗಳಲ್ಲೊಂದು ರಕ್ತಸ್ರಾವ. ಅದನ್ನು ತಡೆಯಲು ಆಕ್ಸಿಟೋಸಿನ್ ಎನ್ನುವ ಅಗ್ಗದ ಚುಚ್ಚುಮದ್ದು ಇದೆ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ, ಇದನ್ನು ಖಾಸಗಿಯವರು ತಯಾರಿಸಕೂಡದು, ದೇಶಕ್ಕೆಲ್ಲ ನಮ್ಮ ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ ಒಂದೇ ಸಾಕು ಎಂದು ಅಧಿಸೂಚನೆ ಹೊರಡಿಸಿತು. ಕಾರಣ? ಹಾಲು ಇಳಿಸಲು ಎಮ್ಮೆಗಳಿಗೆ ಕದ್ದು ಚುಚ್ಚುತ್ತಾರಂತೆ. ಎಮ್ಮೆಯನ್ನು ಕಾಪಾಡಬೇಕು, ಒಪ್ಪಿದೆ. ಹೆಂಗಸಿಗೆ ಮದ್ದು ಸಾಲದೆ ಹೋದರೆ? ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಅಧಿಸೂಚನೆಯನ್ನು ರದ್ದು ಮಾಡಿ ನಮ್ಮನ್ನು ಎಮ್ಮೆಗಳ ಸಮಕ್ಕೆ ತಂದು ನಿಲ್ಲಿಸಿತು. ಆ ಉಪಕಾರವನ್ನು ನಾವು ಮರೆಯಬಾರದು.

ಇಷ್ಟೊಂದು ಗೋಳಿಗೆ ಪರಿಹಾರ ಬಹಳ ದುಬಾರಿಯಿರಬೇಕು ಎಂದು ನೀವು ಅಂದುಕೊಂಡರೆ, ನಮ್ಮ ಟೆಂಡರು ಪ್ರೇಮಿಗಳಿಗೆ ನಿರಾಸೆಯ ಸುದ್ದಿ ಇದೆ. ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗವೊಂದರಲ್ಲಿ, ಕೆಲವು ಆಸ್ಪತ್ರೆಗಳಲ್ಲಿ ಹೆತ್ತವಳ ಕೆಳಗೆ ಅಳತೆಗೆರೆ ಎಳೆದ ಒಂದು ಪ್ಲಾಸ್ಟಿಕ್ ಹಾಳೆ ಹಾಸಿದರು. ರಕ್ತ ಎಷ್ಟು ಹೋಯಿತೆಂದು ಕಣ್ಣಂದಾಜಿನಲ್ಲಿ ಹೇಳುವ ಬದಲು ಗೆರೆ ನೋಡಿದರು. ಗೆರೆ ದಾಟಿದ ಕೂಡಲೇ ಗರ್ಭಕೋಶ ನೀವುವುದು, ಆಕ್ಸಿಟೋಸಿನ್, ಡ್ರಿಪ್ಪು ಎಲ್ಲವನ್ನೂ ಒಟ್ಟಿಗೇ ಶುರುಮಾಡಿದರು. 2023ರಲ್ಲಿ ಬಂದ ಫಲಿತಾಂಶದಲ್ಲಿ ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತ ಶೇ 60 ಇಳಿದಿತ್ತು. ಒಂದು ಪ್ಲಾಸ್ಟಿಕ್ ಹಾಳೆ! ಅದಕ್ಕೆ ಶಂಕುಸ್ಥಾಪನೆ ಮಾಡಲು ಬರುವುದಿಲ್ಲ, ಹೆಸರಿಡಲು ಬರುವುದಿಲ್ಲ, ಮೇಲೆ ಭಾವಚಿತ್ರ ಅಚ್ಚು ಹಾಕಿಸಿದರೂ ಆ ಜಾಗದಲ್ಲಿ ಯಾವ ಮಂತ್ರಿಗೂ ಶೋಭೆಯಲ್ಲ.

ಇನ್ನೊಂದು ಪರಿಹಾರ ಮನುಷ್ಯರದ್ದು. ತೊಡಕಿಲ್ಲದ ಹೆರಿಗೆಯನ್ನು ಮೊದಲಿಂದ ಕೊನೆತನಕ ನೋಡಿಕೊಳ್ಳುವ, ತೊಡಕು ಕಂಡ ಕೂಡಲೇ ಡಾಕ್ಟರನ್ನು ಕರೆಯುವ ತಜ್ಞ ದಾದಿಯರನ್ನು ಹದಿನೆಂಟು ತಿಂಗಳ ತರಬೇತಿ ಕೊಟ್ಟು ತಯಾರು ಮಾಡುತ್ತೇವೆ ಎಂದು ಕೇಂದ್ರ ಸರ್ಕಾರ 2018ರ ಕೊನೆಯಲ್ಲಿ ಮಾರ್ಗಸೂಚಿ ತಂದಿತು. ನೆರೆಯ ತೆಲಂಗಾಣ ಅದಕ್ಕೂ ಮುಂಚೆಯೇ ಹೆಜ್ಜೆಯಿಟ್ಟಿತ್ತು. ನಮ್ಮ ಊರಿನ ಹೆರಿಗೆ ಆಸ್ಪತ್ರೆಯಲ್ಲಿ ಅಂಥವರು ಒಬ್ಬರಾದರೂ ಇದ್ದಾರೆಯೇ? ಕೇಳಿ ನೋಡಿ. ಸೂಲಗಿತ್ತಿಗೆ ಪದಕ ಕೊಡುವುದು ಒಂದು ದಿನದ ಖರ್ಚು, ಹುದ್ದೆ ಕೊಡುವುದು ತಿಂಗಳು ತಿಂಗಳ ಖರ್ಚು. ಆಯ್ಕೆ ಯಾವುದೆಂದು ಹಣಕಾಸು ಇಲಾಖೆಗೆ ಹೇಳಿಕೊಡಬೇಕಾಗಿಲ್ಲ.

ಎಲ್ಲ ತಪ್ಪೂ ಆಸ್ಪತ್ರೆಯದೇ ಎಂದು ಹೇಳಿ ನಾವು ಮನೆಯವರು ಕೈತೊಳೆದುಕೊಳ್ಳುವಂತಿಲ್ಲ. ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂದು ಹಾಲೂಡಿಸುವ ಬಾಣಂತಿಗೆ ಲೋಟ ಎಣಿಸಿ ನೀರು ಕೊಡುವವರು ನಾವೇ. ಹತ್ತನೇ ದಿನ ಅವಳು ಸುಮ್ಮನೆ ಅಳತೊಡಗಿದರೆ ದೃಷ್ಟಿ ತೆಗೆದು ಮಲಗಿಸುವವರೂ ನಾವೇ. ಕಂಪನಿಯಲ್ಲಿರುವ ಮಗಳಿಗೆ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಬಂದ 26 ವಾರದ ಸಂಬಳದ ರಜೆ ಉಂಟು ಎಂದು ಹೆಮ್ಮೆಪಡುತ್ತೇವೆ. ಅದೇ ಮಗಳ ಬಾಣಂತನಕ್ಕೆ ಪಾತ್ರೆ ತಿಕ್ಕಲು ಬರುವವಳು ಬಸುರಿ ಎಂದು ಗೊತ್ತಾದರೆ ನಾವು ಅವಳಿಗೆ ಕೊಡುವ ರಜೆ ಶಾಶ್ವತವಾದದ್ದು, ಸಂಬಳವಿಲ್ಲದ್ದು.

ಇನ್ನು ಪುಕ್ಕಟೆಯಾಗಿ ಆಗುವ ಒಂದು ಕೆಲಸ ಹೇಳುತ್ತೇನೆ. ಹೆರಿಗೆಯ ಉದ್ದಕ್ಕೂ ಪಕ್ಕದಲ್ಲಿ ಒಬ್ಬರು ಬಿಡದೆ ಇದ್ದರೆ ಏನಾಗುತ್ತದೆ ಎಂದು 17 ದೇಶಗಳಲ್ಲಿ ನಡೆದ 26 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ, ಕಾಕ್ರೇನ್ ಎಂಬ ಸಂಶೋಧನಾ ಸಂಸ್ಥೆಯ ಪರಿಶೀಲನೆಯೊಂದು 2017ರಲ್ಲಿ ಬಂತು. 15,000ಕ್ಕೂ ಹೆಚ್ಚು ಹೆಂಗಸರ ಲೆಕ್ಕ ಅದು. ಜೊತೆಗೊಬ್ಬರು ಇದ್ದವರಲ್ಲಿ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಮ್ಮಿ, ನೋವಿನ ಹೊತ್ತೂ ಕಮ್ಮಿ. ಬೆನ್ನು ನೀವಿ, ಹಣೆ ಒರೆಸಿ, ಒಂದು ಗುಟುಕು ನೀರು ಕೊಟ್ಟು, "ಆಯ್ತು ಮಗಳೇ, ಇನ್ನೇನು ಬಂದೇ ಬಿಡ್ತು" ಎನ್ನುವ ಒಂದು ಬಾಯಿ. ಆ ಬಾಯಿ ಪಕ್ಕದಲ್ಲಿದ್ದರೆ "ಮಾಡ್ಕೊಳ್ಳೋವಾಗ ಚೆನ್ನಾಗಿತ್ತಾ" ಎನ್ನುವ ಬಾಯಿಯೂ ಅರ್ಧ ಮುಚ್ಚಿಕೊಳ್ಳುತ್ತದೆ.

ಆದ್ದರಿಂದ ಓದುಗರೇ, ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಯಾರಾದರೂ ದಿನ ತುಂಬಿದವರಿದ್ದರೆ ಈಗಲೇ ಆ ಆಸ್ಪತ್ರೆಗೆ ಹೋಗಿ, ಹೆರಿಗೆಯ ಹೊತ್ತಿಗೆ ಜೊತೆಗೊಬ್ಬರನ್ನು ಒಳಗೆ ಬಿಡುತ್ತೀರಾ ಎಂದು ಕೇಳಿ. ಬಿಡುವುದಿಲ್ಲ ಎಂದರೆ, 2016ರ ಸುತ್ತೋಲೆ ಇದೆಯಲ್ಲ ಸ್ವಾಮಿ ಎನ್ನಿ. ಆಮೇಲೂ ಬಿಡುವುದಿಲ್ಲ ಎಂದರೆ, ಅದನ್ನೇ ಒಂದು ಕಾಗದದ ಮೇಲೆ ಬರೆದು, ಸಹಿ ಹಾಕಿ, ಸೀಲು ಒತ್ತಿ ಕೊಡಿ ಎಂದು ಕೇಳಿ. ಇಷ್ಟು ವರ್ಷ ನಮ್ಮಿಂದ ಕಾಗದ ಕೇಳಿದವರಿಂದ ಒಂದು ಸಲ ನಾವೂ ಕಾಗದ ಕೇಳೋಣ.